ಕ್ಲಚ್ ಬೇರಿಂಗ್ ಸದ್ದು: ಗೇರ್‌ಬಾಕ್ಸ್ ಇಳಿಸುವ ಮೊದಲು ಪೆಡಲನ್ನು ಕೇಳಿ

ಶಿರಾಡಿ ಘಾಟಿಯಲ್ಲಿ ದೋಣಿಗಲ್ ದಾಟಿದ ಮೇಲೆ ಲಾರಿಗಳ ಸಾಲು ನಿಂತುಬಿಟ್ಟಿತ್ತು. ಗೇರು ನ್ಯೂಟ್ರಲ್‌ನಲ್ಲಿತ್ತು, ಕಾಲು ಕ್ಲಚ್ ಮೇಲಿರಲಿಲ್ಲ, ಎಂಜಿನ್ ಮೆಲ್ಲಗೆ ಓಡುತ್ತಿತ್ತು. ಕಾರಿನ ಕೆಳಗಿನಿಂದ ಸಣ್ಣಗೆ ಗರಗರ ಸದ್ದು, ಪಕ್ಕದ ಮನೆಯಲ್ಲಿ ಯಾರೋ ರಾಗಿ ಬೀಸುತ್ತಿರುವ ಹಾಗೆ. ಸಾಲು ಅಲುಗಿತು, ಕ್ಲಚ್ ತುಳಿದೆ, ಸದ್ದು ನಿಂತಿತು. ಮತ್ತೆ ನಿಂತಾಗ ಕಾಲು ತೆಗೆದೆ, ಸದ್ದು ಮರಳಿತು.

ಊರಿಗೆ ಬಂದವನು ಮೆಕ್ಯಾನಿಕ್‌ಗೆ ಇಷ್ಟನ್ನೂ ಹೇಳಬೇಕಿತ್ತು. ನಾನು ಹೇಳಿದ್ದು "ಕ್ಲಚ್ ಕಡೆಯಿಂದ ಸದ್ದು ಬರುತ್ತಿದೆ" ಎಂದಷ್ಟೇ. ಗೇರ್‌ಬಾಕ್ಸ್ ಇಳಿಯಿತು, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಹೊಸದಾದವು. ಹಣ ಕೊಟ್ಟು ಕಾರು ಹೊರಗೆ ತಂದು ನಿಲ್ಲಿಸಿದರೆ ಅದೇ ಗರಗರ. ಕೊನೆಗೆ ಹಾಸನದ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರು ನನ್ನನ್ನು ಸೀಟಿನಲ್ಲಿ ಕೂರಿಸಿ, ತಾವು ಬಾನೆಟ್ ಬಳಿ ನಿಂತು, "ತುಳಿಯಿರಿ ಸಾರ್. ಈಗ ಬಿಡಿ. ಇನ್ನೊಮ್ಮೆ, ಮೆಲ್ಲಗೆ" ಎಂದರು. ಮೂರು ಸಲ ಆಯಿತು. "ಕ್ಲಚ್ ಚೆನ್ನಾಗಿಯೇ ಇದೆ. ಹೋಗಿರುವುದು ಗೇರ್‌ಬಾಕ್ಸಿನ ಒಳಗಿನ ಬೇರಿಂಗ್" ಎಂದರು. ಒಂದು ಸ್ಪ್ಯಾನರನ್ನೂ ಅವರು ಕೈಗೆತ್ತಿಕೊಂಡಿರಲಿಲ್ಲ.

ಆ ದಿನದಿಂದ ಈ ವಿಷಯ ನನ್ನ ತಲೆಯಲ್ಲಿ ಕೂತಿದೆ. ಕ್ಲಚ್ ಸುತ್ತಲಿನ ಸದ್ದಿನ ಮೂಲ ಹುಡುಕುವುದಕ್ಕೆ ಬೇಕಾದದ್ದು ಎಡಗಾಲು, ಎರಡು ಕಿವಿ ಮತ್ತು ಹತ್ತು ನಿಮಿಷದ ತಾಳ್ಮೆ. ರಿಪೇರಿಯನ್ನು ಗ್ಯಾರೇಜಿನಲ್ಲೇ ಮಾಡಿಸಿ. ಆದರೆ ಯಾವ ಭಾಗ ಕೆಟ್ಟಿದೆ ಎಂಬುದನ್ನು ಗೇರ್‌ಬಾಕ್ಸ್ ಇಳಿಸುವ ಮೊದಲೇ ತಿಳಿಯಬಹುದು, ತಿಳಿಯಲೇಬೇಕು.

ಒಳಗೆ ಏನು ತಿರುಗುತ್ತದೆ, ಯಾವಾಗ ತಿರುಗುತ್ತದೆ

ಇದೊಂದು ಅರ್ಥವಾದರೆ ಮುಂದಿನ ಪರೀಕ್ಷೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ತುದಿಗೆ ಫ್ಲೈವ್ಹೀಲ್ ಎಂಬ ಭಾರದ ಚಕ್ರವಿದೆ. ಅದಕ್ಕೆ ಪ್ರೆಷರ್ ಪ್ಲೇಟನ್ನು ಬೋಲ್ಟ್ ಮಾಡಿರುತ್ತಾರೆ. ಇವೆರಡರ ನಡುವೆ ಚಪಾತಿಯಂತೆ ಸಿಕ್ಕಿಕೊಂಡಿರುವುದು ಕ್ಲಚ್ ಪ್ಲೇಟ್. ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳಲ್ಲಿ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಕೂತಿರುತ್ತದೆ. ಪೆಡಲ್ ಮೇಲೆ ಕಾಲಿಡದೆ ಇದ್ದಾಗ ಇವೆಲ್ಲವೂ ಒಂದೇ ತುಂಡಿನಂತೆ ಎಂಜಿನ್ ಜೊತೆ ತಿರುಗುತ್ತವೆ. ಗೇರು ನ್ಯೂಟ್ರಲ್‌ನಲ್ಲಿ ಇದ್ದರೂ ಇನ್‌ಪುಟ್ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಚಕ್ರಕ್ಕೆ ಶಕ್ತಿ ಹೋಗುತ್ತಿಲ್ಲ, ಅಷ್ಟೇ.

ಪೆಡಲ್ ತುಳಿದಾಗ ಕೇಬಲ್ ಅಥವಾ ಹೈಡ್ರಾಲಿಕ್ ಒತ್ತಡವು ಫೋರ್ಕ್ ಎಂಬ ಕವಲು ಸನ್ನೆಯನ್ನು ತಳ್ಳುತ್ತದೆ. ಫೋರ್ಕು ರಿಲೀಸ್ ಬೇರಿಂಗನ್ನು ತಳ್ಳುತ್ತದೆ. ಆ ಬೇರಿಂಗು ಹೋಗಿ ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳನ್ನು ಒತ್ತುತ್ತದೆ. ಬೆರಳುಗಳು ತಿರುಗುತ್ತಿವೆ, ಫೋರ್ಕು ನಿಂತಿದೆ. ಎರಡರ ನಡುವಿನ ಜಗಳವನ್ನು ತಾಳಿಕೊಳ್ಳುವುದೇ ರಿಲೀಸ್ ಬೇರಿಂಗಿನ ಕೆಲಸ. ಒತ್ತಡ ಸಾಕಷ್ಟಾದಾಗ ಕ್ಲಚ್ ಪ್ಲೇಟ್ ಸಡಿಲವಾಗುತ್ತದೆ, ಇನ್‌ಪುಟ್ ಶಾಫ್ಟ್ ಕೆಲವೇ ಸೆಕೆಂಡುಗಳಲ್ಲಿ ನಿಧಾನವಾಗಿ ನಿಲ್ಲುತ್ತದೆ.

ಇನ್ನೊಂದು ಪೈಲಟ್ ಬೇರಿಂಗ್. ಇನ್‌ಪುಟ್ ಶಾಫ್ಟಿನ ಮೂಗಿನ ತುದಿಗೆ ಆಧಾರವಾಗಿ ಕ್ರ್ಯಾಂಕ್‌ಶಾಫ್ಟಿನ ಅಥವಾ ಫ್ಲೈವ್ಹೀಲಿನ ನಡುವೆ ಕೂತಿರುವ ಚಿಕ್ಕ ಬೇರಿಂಗ್ ಅಥವಾ ಬುಷ್ ಅದು. ಬೊಲೆರೊ, ಓಮ್ನಿಯಂಥ ಹಿಂಚಕ್ರ ಚಾಲನೆಯ ವಾಹನಗಳಲ್ಲಿ ಇರುತ್ತದೆ. ಮುಂಚಕ್ರ ಚಾಲನೆಯ ಹಲವು ಕಾರುಗಳಲ್ಲಿ ಇರುವುದೇ ಇಲ್ಲ, ಕೆಲವದರಲ್ಲಿ ಇದೆ. ನಿಮ್ಮ ಕಾರಿನಲ್ಲಿ ಇದೆಯೇ ಎಂದು ಮೊದಲು ವಿಚಾರಿಸಿ. ಇಲ್ಲದ ಬೇರಿಂಗಿನ ಮೇಲೆ ಅನುಮಾನಪಟ್ಟು ಫಲವಿಲ್ಲ.

ಪೆಡಲ್ ತುಳಿಯದೆ ಇದ್ದಾಗ ಎಂಜಿನ್ನೂ ಇನ್‌ಪುಟ್ ಶಾಫ್ಟೂ ಒಂದೇ ವೇಗದಲ್ಲಿ ತಿರುಗುವುದರಿಂದ ಪೈಲಟ್ ಬೇರಿಂಗಿಗೆ ಕೆಲಸವಿಲ್ಲ. ಆಗ ದುಡಿಯುವುದು ಗೇರ್‌ಬಾಕ್ಸಿನ ಒಳಗಿನ ಇನ್‌ಪುಟ್ ಶಾಫ್ಟ್ ಬೇರಿಂಗ್. ಪೆಡಲ್ ಪೂರ್ತಿ ಕೆಳಗಿದ್ದಾಗ ಪರಿಸ್ಥಿತಿ ತಿರುವುಮುರುವು: ಇನ್‌ಪುಟ್ ಶಾಫ್ಟ್ ನಿಂತಿದೆ, ಅದರ ಬೇರಿಂಗಿಗೆ ವಿಶ್ರಾಂತಿ, ಪೈಲಟ್ ಬೇರಿಂಗಿಗೂ ರಿಲೀಸ್ ಬೇರಿಂಗಿಗೂ ದುಡಿಮೆ. ಯಾವ ಹೊತ್ತಿನಲ್ಲಿ ಸದ್ದು ಬರುತ್ತದೋ ಆ ಹೊತ್ತಿನಲ್ಲಿ ದುಡಿಯುತ್ತಿರುವವರ ಪೈಕಿ ಒಬ್ಬರು ಕೆಟ್ಟಿದ್ದಾರೆ.

ಪರೀಕ್ಷೆಗೆ ಸಿದ್ಧತೆ

ಸಮತಟ್ಟಾದ ಬಯಲು ಜಾಗದಲ್ಲಿ ಕಾರು ನಿಲ್ಲಿಸಿ. ಮುಚ್ಚಿದ ಗ್ಯಾರೇಜಿನಲ್ಲಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಂಜಿನ್ ಓಡಿಸುತ್ತಾ ಕೂರಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಪ್ರಾಣ ತೆಗೆಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ. ಐದಾರು ಕಿಲೋಮೀಟರ್ ಓಡಿಸಿ ಬಂದ ಕಾರಾದರೆ ಒಳ್ಳೆಯದು, ಏಕೆಂದರೆ ತಣ್ಣಗಿನ ಎಂಜಿನ್ ಐಡಲಿಂಗ್ ಏರಿಳಿಯುತ್ತಿರುತ್ತದೆ. ಆದರೆ ನಿಮ್ಮ ದೂರು ಬೆಳಗಿನ ಮೊದಲ ಸ್ಟಾರ್ಟಿನ ಸದ್ದಿನದಾದರೆ ಪರೀಕ್ಷೆಯೂ ಆಗಲೇ ಆಗಬೇಕು.

ಎಸಿ, ರೇಡಿಯೊ, ಫ್ಯಾನ್ ಎಲ್ಲ ಬಂದ್ ಮಾಡಿ. ಎಸಿ ಕಂಪ್ರೆಸರಿನ ಬೇರಿಂಗು, ಆಲ್ಟರ್ನೇಟರಿನ ಬೇರಿಂಗು, ನೀರಿನ ಪಂಪು, ಬೆಲ್ಟಿನ ಟೆನ್ಶನರ್ ಇವೆಲ್ಲ ಕ್ಲಚ್ ಸದ್ದಿನ ವೇಷ ಹಾಕಿಕೊಂಡು ಬರುತ್ತವೆ. ಪೆಡಲ್ ಮೇಲೆ ಕೆಳಗೆ ಹೋದರೂ ಸದ್ದು ಕಿಂಚಿತ್ತೂ ಬದಲಾಗದಿದ್ದರೆ ಕ್ಲಚ್ ಬಿಡಿ, ಬೆಲ್ಟಿನ ಕಡೆಗೆ ಹೋಗಿ.

ಜೊತೆಗೆ ಒಬ್ಬರು ಇರಲಿ. ಒಬ್ಬರು ಪೆಡಲಿಗೆ, ಇನ್ನೊಬ್ಬರು ಬಾನೆಟ್ ಬಳಿ ಕಿವಿ ಕೊಡಲಿಕ್ಕೆ. ಬಾನೆಟ್ ಬಳಿ ನಿಂತವರ ಸೆರಗು, ದುಪಟ್ಟಾ, ಸಡಿಲ ತೋಳು, ಕೊರಳ ಸರ ಬೆಲ್ಟಿನ ಹತ್ತಿರ ಸುಳಿಯದಿರಲಿ. ಒಂದು ಕಾಗದ, ಒಂದು ಪೆನ್ನು ಇಟ್ಟುಕೊಳ್ಳಿ. ಕೇಳಿದ್ದನ್ನು ಆ ಕ್ಷಣವೇ ಬರೆದುಕೊಳ್ಳಿ. ಹತ್ತು ಸಲ ತುಳಿದು ಬಿಟ್ಟ ಮೇಲೆ ಯಾವ ಸದ್ದು ಯಾವಾಗ ಬಂತು ಎಂಬುದು ಮನಸ್ಸಿನಲ್ಲಿ ಕಲಸಿಹೋಗುತ್ತದೆ.

ಹಂತ 1: ಎಂಜಿನ್ ಆಫ್ ಇರುವಾಗಲೇ ಪೆಡಲ್ ತುಳಿಯಿರಿ

ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಎಂಜಿನ್ ಶುರು ಮಾಡದೆ ಪೆಡಲನ್ನು ನಿಧಾನವಾಗಿ ಪೂರ್ತಿ ಒತ್ತಿ ಬಿಡಿ. ಕೀಚ್ ಎನ್ನುವ ಸದ್ದು ಬಂದರೆ ಅದು ಬೇರಿಂಗ್ ತಿರುಗುವ ಸದ್ದಲ್ಲ, ಯಾಕೆಂದರೆ ಒಳಗೆ ಏನೂ ತಿರುಗುತ್ತಿಲ್ಲ. ಪೆಡಲಿನ ಬುಷ್ ಒಣಗಿರಬಹುದು, ಕೇಬಲ್ ಉಜ್ಜುತ್ತಿರಬಹುದು, ಫೋರ್ಕಿನ ಆಧಾರಗೋಲದಲ್ಲಿ ಗ್ರೀಸ್ ಮುಗಿದಿರಬಹುದು. ಮೊದಲೆರಡು ಕಾರಿನ ಒಳಗಿನಿಂದಲೂ ಬಾನೆಟ್ ಕೆಳಗಿನಿಂದಲೂ ಕೈಗೆ ಸಿಗುತ್ತವೆ; ಚಿಟಿಕೆ ಗ್ರೀಸಿನಲ್ಲಿ ಮುಗಿಯುವ ಕೆಲಸ.

ಇದೇ ಹಂತದಲ್ಲಿ ಕೇಬಲ್ ಕ್ಲಚ್ ಇರುವ ಕಾರಿನಲ್ಲಿ ಪೆಡಲಿನ ಸಡಿಲು ನೋಡಿ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗಟ್ಟಿ ಹತ್ತುವ ಮೊದಲು ಪೆಡಲ್ ಸ್ವಲ್ಪ ದೂರ ಸಲೀಸಾಗಿ ಚಲಿಸಬೇಕು. ಎಷ್ಟು ಮಿಲಿಮೀಟರ್ ಎಂಬುದು ಕಾರಿನ ಕೈಪಿಡಿಯಲ್ಲಿದೆ, ಸ್ಕೇಲ್ ಹಿಡಿದು ಅಳೆಯಿರಿ. ಸಡಿಲು ಒಂದಿಷ್ಟೂ ಇಲ್ಲದಿದ್ದರೆ ನೀವು ಕಾಲು ತೆಗೆದ ಮೇಲೂ ರಿಲೀಸ್ ಬೇರಿಂಗ್ ಬೆರಳುಗಳನ್ನು ಒತ್ತುತ್ತಲೇ ಇರುತ್ತದೆ. ಆಗ ಮುಂದಿನ ಪರೀಕ್ಷೆಗಳೆಲ್ಲ ದಾರಿ ತಪ್ಪಿಸುತ್ತವೆ. ಮೊದಲು ಕೇಬಲ್ ಸರಿಹೊಂದಿಸಿ, ನಂತರ ಮುಂದುವರಿಯಿರಿ. ಹೈಡ್ರಾಲಿಕ್ ಕ್ಲಚ್ ಬಹುತೇಕ ತಾನೇ ಸರಿಹೊಂದಿಕೊಳ್ಳುತ್ತದೆ. ಅಲ್ಲಿ ನೋಡಬೇಕಾದದ್ದು ದ್ರವದ ಮಟ್ಟ ಮತ್ತು ಸೋರಿಕೆ.

ಹಂತ 2: ನ್ಯೂಟ್ರಲ್, ಕಾಲು ಪೆಡಲ್ ಮೇಲಿಲ್ಲ

ಎಂಜಿನ್ ಶುರು ಮಾಡಿ. ಕಾಲನ್ನು ಪೆಡಲಿನಿಂದ ಪೂರ್ತಿ ತೆಗೆದು ನೆಲದ ಮೇಲಿಡಿ. ಅರ್ಧ ನಿಮಿಷ ಸುಮ್ಮನೆ ಕೇಳಿ. ಸದ್ದು ಇದೆಯೇ? ಇದ್ದರೆ ಅದು ಗರಗರವೇ, ಕಟಕಟವೇ, ಗುಂಯ್ ಎನ್ನುವ ಸ್ವರವೇ? ಬರೆದುಕೊಳ್ಳಿ.

ಸದ್ದು ಇದ್ದರೆ ಪೆಡಲ್ ಪೂರ್ತಿ ತುಳಿದು ಐದು ಸೆಕೆಂಡ್ ಹಿಡಿಯಿರಿ. ಇನ್‌ಪುಟ್ ಶಾಫ್ಟ್ ನಿಲ್ಲುವುದಕ್ಕೆ ಅಷ್ಟು ಹೊತ್ತು ಬೇಕು. ಸದ್ದು ಥಟ್ಟನೆ ಅಲ್ಲದೆ, ಫ್ಯಾನ್ ನಿಂತಂತೆ ಇಳಿಯುತ್ತಾ ಹೋಗಿ ಇಲ್ಲವಾದರೆ ಅದು ಇನ್‌ಪುಟ್ ಶಾಫ್ಟಿನ ಜೊತೆಗೇ ನಿಂತಿದೆ ಎಂದರ್ಥ. ಅನುಮಾನ ಗೇರ್‌ಬಾಕ್ಸಿನ ಮೇಲೆ. ಶಿರಾಡಿಯಲ್ಲಿ ನನಗೆ ಕೇಳಿದ್ದು ಇದೇ.

ಅವಸರ ಬೇಡ, ಇಲ್ಲೊಂದು ಕವಲಿದೆ. ಕ್ಲಚ್ ತುಳಿದರೆ ನಿಲ್ಲುವ ಸದ್ದೆಲ್ಲ ಬೇರಿಂಗಿನದಲ್ಲ. ಎಂಜಿನ್ನಿನ ಒಂದೊಂದು ಸ್ಫೋಟಕ್ಕೂ ಶಾಫ್ಟು ಸಣ್ಣಗೆ ಜರ್ಕ್ ಹೊಡೆಯುತ್ತದೆ, ಗೇರುಗಳ ಹಲ್ಲುಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಆ ಜರ್ಕನ್ನು ನುಂಗಲೆಂದೇ ಕ್ಲಚ್ ಪ್ಲೇಟಿನ ನಡುವೆ ಚಿಕ್ಕ ಸ್ಪ್ರಿಂಗುಗಳಿರುತ್ತವೆ. ಅನೇಕ ಡೀಸೆಲ್ ಕಾರುಗಳಲ್ಲಿ ಎರಡು ಪದರದ ಡ್ಯುಯಲ್ ಮಾಸ್ ಫ್ಲೈವ್ಹೀಲ್ ಇರುತ್ತದೆ. ಇವು ಸವೆದರೆ ಕಟಕಟ ಸದ್ದು ಬರುತ್ತದೆ. ಇದನ್ನೂ ಬೇರಿಂಗಿನ ಸದ್ದನ್ನೂ ಬೇರ್ಪಡಿಸುವುದು ಸುಲಭ. ಆಕ್ಸಿಲರೇಟರ್ ಸ್ವಲ್ಪ ಒತ್ತಿ ಎಂಜಿನ್ ವೇಗವನ್ನು ನಿಮಿಷಕ್ಕೆ 800 ಸುತ್ತಿನಿಂದ 1,500ರ ಆಸುಪಾಸಿಗೆ ಏರಿಸಿ. ಕಟಕಟ ಸದ್ದು ಸಾಮಾನ್ಯವಾಗಿ ಕರಗುತ್ತದೆ. ಬೇರಿಂಗಿನ ಗರಗರ ಕರಗುವುದಿಲ್ಲ, ವೇಗದ ಜೊತೆ ಸ್ವರ ಏರಿಸಿಕೊಂಡು ಗುಂಯ್ ಎನ್ನತೊಡಗುತ್ತದೆ.

ಹಂತ 3: ಪೆಡಲನ್ನು ಅಂಗುಲ ಅಂಗುಲವಾಗಿ

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ಧಡಕ್ಕನೆ ತುಳಿದರೆ ಏನೂ ತಿಳಿಯುವುದಿಲ್ಲ. ಹಿಮ್ಮಡಿಯನ್ನು ನೆಲದ ಮೇಲೆ ಊರಿ, ಹೆಬ್ಬೆರಳ ಬುಡದಿಂದ ಪೆಡಲನ್ನು ಒಂದೊಂದೇ ಅಂಗುಲ ಒತ್ತುತ್ತಾ ಹೋಗಿ, ಪ್ರತಿ ಅಂಗುಲಕ್ಕೂ ಒಂದು ಕ್ಷಣ ನಿಲ್ಲಿ.

ಮೊದಲ ಅಂಗುಲ ಸಡಿಲು. ನಂತರ ಪಾದಕ್ಕೆ ಗಟ್ಟಿ ಹತ್ತುತ್ತದೆ. ರಿಲೀಸ್ ಬೇರಿಂಗ್ ಬೆರಳುಗಳನ್ನು ಮುಟ್ಟಿದ ಜಾಗ ಅದು. ಕ್ಲಚ್ ಪ್ಲೇಟ್ ಇನ್ನೂ ಬಿಗಿಯಾಗಿಯೇ ಇದೆ, ಇನ್‌ಪುಟ್ ಶಾಫ್ಟ್ ತಿರುಗುತ್ತಲೇ ಇದೆ. ಸದ್ದು ಇಲ್ಲೇ ಶುರುವಾದರೆ, ಒತ್ತಿದಷ್ಟೂ ಹೆಚ್ಚಾದರೆ, ಅದು ರಿಲೀಸ್ ಬೇರಿಂಗಿನ ಸದ್ದು. ಇನ್ನೂ ಕೆಳಗೆ ಒತ್ತಿ. ಮೊದಲನೇ ಗೇರಿನಲ್ಲಿ ಕಾರು ಹೊರಡುವ ಜಾಗವನ್ನು ದಾಟಿದ ಮೇಲಷ್ಟೇ ಸದ್ದು ಹುಟ್ಟಿದರೆ ಪೈಲಟ್ ಬೇರಿಂಗನ್ನು ನೋಡಬೇಕು, ಏಕೆಂದರೆ ಎಂಜಿನ್ನೂ ಶಾಫ್ಟೂ ಬೇರೆಯಾಗುವುದು ಅಲ್ಲಿಂದಲೇ.

ಪೈಲಟ್ ಬೇರಿಂಗನ್ನು ಖಚಿತಪಡಿಸಿಕೊಳ್ಳಲು ಇನ್ನೊಂದು ಉಪಾಯ. ಕಾಲು ಬ್ರೇಕಿನ ಮೇಲಿರಲಿ, ಕ್ಲಚ್ ಪೂರ್ತಿ ತುಳಿದು ಮೊದಲನೇ ಗೇರಿಗೆ ಹಾಕಿ. ಈಗ ಇನ್‌ಪುಟ್ ಶಾಫ್ಟ್ ಗೇರಿನ ಮೂಲಕ ನಿಂತ ಚಕ್ರಗಳಿಗೆ ಕಟ್ಟಿಹಾಕಿದಂತಾಯಿತು, ಒಂದಿಷ್ಟೂ ತಿರುಗಲಾರದು. ಕ್ರ್ಯಾಂಕ್ ಮಾತ್ರ ಅದರ ಮೂಗಿನ ಸುತ್ತ ಸುತ್ತುತ್ತಿದೆ. ಕೆಟ್ಟ ಪೈಲಟ್ ಬೇರಿಂಗ್ ಇಲ್ಲಿ ಅತ್ಯಂತ ಸ್ಪಷ್ಟವಾಗಿ ಕಿರುಚುತ್ತದೆ. ಗೇರು ಬೀಳುವಾಗ ಕಷ್ಟವಾಗುತ್ತಿದ್ದರೆ, ರಿವರ್ಸ್ ಕರ್ರ್ ಎನ್ನುತ್ತಿದ್ದರೆ ಅದನ್ನೂ ಬರೆದುಕೊಳ್ಳಿ. ಬಿಗಿಹಿಡಿದ ಪೈಲಟ್ ಬೇರಿಂಗ್ ಶಾಫ್ಟನ್ನು ಎಳೆದುಕೊಂಡು ತಿರುಗಿಸುತ್ತದೆ, ಅದು ನಿಲ್ಲಲು ಬಿಡುವುದಿಲ್ಲ.

ಇದಕ್ಕೆ ಪೂರ್ತಿ ವಿರುದ್ಧವಾದ ಲಕ್ಷಣವೂ ಉಂಟು: ಕಾಲು ತೆಗೆದಾಗ ಚಿಂವ್ ಚಿಂವ್ ಎಂದು ಗುಬ್ಬಚ್ಚಿಯಂತೆ ಸದ್ದು, ಪೆಡಲಿಗೆ ಪಾದ ಸೋಕಿಸಿದರೆ ಸಾಕು, ಮಾಯ. ಬೆರಳುಗಳನ್ನು ಅರೆಬರೆ ಮುಟ್ಟಿಕೊಂಡು ಜಾರುತ್ತಿರುವ ರಿಲೀಸ್ ಬೇರಿಂಗ್ ಅಥವಾ ಗ್ರೀಸ್ ಒಣಗಿ ನಡುಗುತ್ತಿರುವ ಫೋರ್ಕಿನ ಸದ್ದು ಇದು. ಬೇರಿಂಗ್ ಇನ್ನೂ ಹೋಗಿಲ್ಲದಿರಬಹುದು. ಈ ಒಂದು ಲಕ್ಷಣಕ್ಕೆ ಹೆದರಿ ಗೇರ್‌ಬಾಕ್ಸ್ ಇಳಿಸುವುದು ಅನಗತ್ಯ ಎಂಬುದು ನನ್ನ ಅಭಿಪ್ರಾಯ. ಕೇಬಲ್ ಸರಿಹೊಂದಿಸಿ ಕೆಲ ವಾರ ನೋಡಿ.

ಹಂತ 4: ಸದ್ದಿನ ಜಾಗ ಹುಡುಕುವುದು

ಮೆಕ್ಯಾನಿಕ್ ಸ್ಟೆತಾಸ್ಕೋಪ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಉದ್ದನೆಯ ಸ್ಕ್ರೂಡ್ರೈವರ್ ಸಾಕು. ಲೋಹದ ತುದಿಯನ್ನು ಗೇರ್‌ಬಾಕ್ಸಿನ ಮೈಮೇಲೆ ಊರಿ, ಹಿಡಿಯ ಹಿಂಬದಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ಹಿಡಿಯಿರಿ, ಕಿವಿಯ ಒಳಕ್ಕಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಗಂಟೆಯಾಕಾರದ ಭಾಗಕ್ಕೆ ಬೆಲ್ ಹೌಸಿಂಗ್ ಎನ್ನುತ್ತಾರೆ, ಅಲ್ಲೊಮ್ಮೆ ಕೇಳಿ. ಅಲ್ಲಿಂದ ಗೇರ್‌ಬಾಕ್ಸಿನ ಮುಂದಿನ ಮೈ, ನಂತರ ಇನ್ನೊಂದು ತುದಿ. ಹೋಲಿಕೆಗೆಂದು ಆಲ್ಟರ್ನೇಟರಿನ ಮೈಯನ್ನೂ ಕೇಳಿ.

ಮೊದಲ ಸಲ ಕೇಳುವವರಿಗೆ ಎಲ್ಲ ಕಡೆಯೂ ಗದ್ದಲವೇ. ಎರಡು ನಿಮಿಷ ಬಿಡದೆ ಆಲಿಸಿದರೆ ಕಿವಿ ಹೊಂದಿಕೊಳ್ಳುತ್ತದೆ. ಒಳ್ಳೆಯ ಬೇರಿಂಗ್ ಕೊಡುವುದು ನೀರು ಹರಿದಂಥ ಸಮನಾದ ಸದ್ದು. ಕೆಟ್ಟ ಬೇರಿಂಗಿನ ಸದ್ದಿನಲ್ಲಿ ತಾಳವಿರುತ್ತದೆ: ಗರ್, ಗರ್, ಗರ್ ಎಂದು ಒಂದು ಗುಂಡು ಅಥವಾ ಅದರ ಹಾದಿಯ ಒಂದು ಕಚ್ಚು ಮತ್ತೆ ಮತ್ತೆ ಹಾದುಹೋಗುವುದು ಸ್ಕ್ರೂಡ್ರೈವರಿನ ಮೂಲಕ ಅಂಗೈಗೂ ತಟ್ಟುತ್ತದೆ. ಹಾಗೆ ಕೇಳುತ್ತಿರುವಾಗಲೇ ಸೀಟಿನಲ್ಲಿರುವವರಿಗೆ ಪೆಡಲ್ ತುಳಿಯಲು ಹೇಳಿ. ಆ ತಾಳ ನಿಂತಿತೇ, ಶುರುವಾಯಿತೇ, ಹಾಗೆಯೇ ಇದೆಯೇ? ಮೂರರಲ್ಲಿ ಒಂದನ್ನು ಬರೆದುಕೊಳ್ಳಿ.

ಇದೇ ಹೊತ್ತಿಗೆ ಕ್ರ್ಯಾಂಕ್ ಪುಲ್ಲಿಯ ಮೇಲೂ ಕಣ್ಣಿಡಿ, ಕೈ ಬೇಡ. ಟಾರ್ಚ್ ಬಿಟ್ಟು ಪಕ್ಕದಿಂದ ನೋಡುತ್ತಾ ಕ್ಲಚ್ ತುಳಿಸಿ, ಬಿಡಿಸಿ. ಕ್ಲಚ್ ಒತ್ತಡ ಕ್ರ್ಯಾಂಕನ್ನು ಉದ್ದುದ್ದಕ್ಕೆ ತಳ್ಳುತ್ತದೆ. ಅದಕ್ಕಿರುವ ಆಟ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗವಷ್ಟೇ. ಬರಿಗಣ್ಣಿಗೆ ಪುಲ್ಲಿ ಹೊರಬಂದು ಒಳಹೋದಂತೆ ಕಂಡರೆ ಕ್ರ್ಯಾಂಕ್ ಹಾಗೆ ಜರುಗದಂತೆ ಹಿಡಿಯುವ, ಎಂಜಿನ್ನಿನ ಥ್ರಸ್ಟ್ ವಾಷರ್ ಸವೆದಿದೆ. ಇದು ಕ್ಲಚ್ ಬೇರಿಂಗಿಗಿಂತ ದೊಡ್ಡ ಚಿಂತೆ, ಕಾರು ಓಡಿಸುವುದನ್ನು ನಿಲ್ಲಿಸಿ.

ಹಂತ 5: ರಸ್ತೆಯ ಮೇಲೆ

ವಾಹನ ಸಂಚಾರ ಕಡಿಮೆ ಇರುವ ಸಮತಟ್ಟು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 40 ಕಿಲೋಮೀಟರ್ ವೇಗದಲ್ಲಿ ಹೋಗಿ. ಸದ್ದು ಇದ್ದರೆ ಒಂದೆರಡು ಸೆಕೆಂಡ್ ಕ್ಲಚ್ ತುಳಿದು ನೋಡಿ. ಎಂಜಿನ್ ವೇಗ ಇಳಿದರೂ ಸದ್ದು ಹಾಗೆಯೇ ಮುಂದುವರಿದು ಕಾರಿನ ವೇಗದ ಜೊತೆಗಷ್ಟೇ ತಗ್ಗಿದರೆ ಅದು ಚಕ್ರದ ಬೇರಿಂಗೋ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲೋ ಟೈರೋ ಆಗಿರುತ್ತದೆ. ಉದ್ದನೆಯ ತಿರುವಿನಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿದಾಗ ಸದ್ದು ಏರಿಳಿದರೆ ಚಕ್ರದ ಬೇರಿಂಗ್ ಎನ್ನುವುದು ಹೆಚ್ಚುಕಡಿಮೆ ಖಚಿತ. ಈ ಪರೀಕ್ಷೆಯನ್ನು ಘಾಟಿಯ ಇಳಿಜಾರಿನಲ್ಲಿ ಮಾಡಲೇಬೇಡಿ. ಇಳಿಜಾರಿನಲ್ಲಿ ಕಾರನ್ನು ಹಿಡಿದು ನಿಲ್ಲಿಸುವುದು ಗೇರಿನಲ್ಲಿರುವ ಎಂಜಿನ್. ಕ್ಲಚ್ ತುಳಿದಾಗ ಆ ಹಿಡಿತ ಹೋಗುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಹಂತ 6: ಗೇರ್ ಆಯಿಲ್ ಹೇಳುವ ಮಾತು

ಅನುಮಾನ ಇನ್‌ಪುಟ್ ಶಾಫ್ಟ್ ಬೇರಿಂಗಿನ ಮೇಲಿದ್ದರೆ, ಗೇರ್‌ಬಾಕ್ಸ್ ಇಳಿಸುವ ಮೊದಲು ಅದರ ಆಯಿಲ್ ನೋಡಿ. ಮಟ್ಟ ಕಡಿಮೆ ಇದ್ದರೆ ಬೇರಿಂಗ್ ಯಾಕೆ ಸತ್ತಿತು ಎಂಬುದಕ್ಕೂ ಉತ್ತರ ಸಿಕ್ಕಿತು. ಎಲ್ಲಿ ಸೋರುತ್ತಿದೆ ಎಂದು ಹುಡುಕಿ. ಆಯಿಲನ್ನು ಬಿಳಿ ಬಟ್ಟಲಿಗೆ ಇಳಿಸಿ ಬಿಸಿಲಿಗೆ ಹಿಡಿಯಿರಿ. ಡ್ರೈನ್ ಪ್ಲಗ್ಗಿನಲ್ಲಿ ಆಯಸ್ಕಾಂತ ಇದ್ದರೆ ಅದಕ್ಕೆ ಅಂಟಿದ್ದನ್ನು ಬೆರಳುಗಳ ನಡುವೆ ಉಜ್ಜಿ. ಬೂದುಬಣ್ಣದ ನುಣ್ಣನೆಯ ಕೆಸರು ವರ್ಷಗಟ್ಟಲೆ ಓಡಿದ ಗೇರ್‌ಬಾಕ್ಸಿನಲ್ಲಿ ಇರುವುದೇ. ಹೊಳೆಯುವ ಸಿಪ್ಪೆ, ಚೂಪು ಚೂರು ಸಿಕ್ಕಿದರೆ ಬೇರಿಂಗಿನ ಅಥವಾ ಗೇರಿನ ಮೈ ಎದ್ದುಬಂದಿದೆ ಎಂದರ್ಥ. ಹಿತ್ತಾಳೆ ಬಣ್ಣದ ಪುಡಿ ಬಂದರೆ, ಗೇರು ಬೀಳುವಾಗ ವೇಗ ಹೊಂದಿಸುವ ಸಿಂಕ್ರೊ ಉಂಗುರಗಳು ಸವೆಯುತ್ತಿವೆ.

ಮತ್ತೆ ತುಂಬುವಾಗ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ತುಂಬಿಸಿ. ಜಿಎಲ್-4 ಕೇಳಿದ ಗೇರ್‌ಬಾಕ್ಸಿಗೆ "ಇದು ಅದಕ್ಕಿಂತ ಮೇಲಿನದು" ಎಂದು ಜಿಎಲ್-5 ಸುರಿಯುವವರಿದ್ದಾರೆ. ಅದರಲ್ಲಿ ಹೆಚ್ಚಾಗಿರುವ ಗಂಧಕ, ರಂಜಕದ ಸೇರ್ಪಡೆಗಳು ಹಿತ್ತಾಳೆಯ ಸಿಂಕ್ರೊ ಉಂಗುರಗಳಿಗೆ ಒಗ್ಗದಿರಬಹುದು. ದಪ್ಪ ಆಯಿಲ್ ಸುರಿದು ಸದ್ದು ಮುಚ್ಚುವ ಉಪಾಯಕ್ಕೂ ಒಪ್ಪಬೇಡಿ. ಸದ್ದು ತಗ್ಗಬಹುದು, ಸವೆತ ತಗ್ಗುವುದಿಲ್ಲ.

ಗ್ಯಾರೇಜಿಗೆ ಹೋದಾಗ

ನಿಮ್ಮ ಕಾಗದದಲ್ಲಿ ಈಗ ಇಂಥ ಸಾಲುಗಳಿರುತ್ತವೆ: "ನ್ಯೂಟ್ರಲ್‌ನಲ್ಲಿ ಕಾಲು ತೆಗೆದಾಗ ಸದ್ದಿಲ್ಲ. ಎರಡನೇ ಅಂಗುಲಕ್ಕೆ ಕಿರ್ರ್ ಶುರು, ಒತ್ತಿದಷ್ಟೂ ಜೋರು. ಗೇರಿಗೆ ಹಾಕಿದರೂ ವ್ಯತ್ಯಾಸವಿಲ್ಲ. ಬೆಲ್ ಹೌಸಿಂಗ್ ಮೇಲೆ ಸ್ಪಷ್ಟ." ಇದನ್ನು ಓದಿ ಹೇಳಿ, ಮೆಕ್ಯಾನಿಕ್ ಎದುರಿಗೆ ಒಮ್ಮೆ ಮಾಡಿ ತೋರಿಸಿ. ಕೆಲಸ ಬಲ್ಲವರು ಇಂಥ ಗಿರಾಕಿಯನ್ನು ಇಷ್ಟಪಡುತ್ತಾರೆ. ಕೇಳದೆಯೇ "ಕ್ಲಚ್ ಸೆಟ್ ಹೋಗಿದೆ" ಎನ್ನುವವರಿಂದ ಕಾರು ವಾಪಸು ತೆಗೆದುಕೊಂಡು ಬನ್ನಿ.

ರಿಲೀಸ್ ಬೇರಿಂಗ್ ಒಂದೇ ಕೆಟ್ಟಿದ್ದರೂ ಅದನ್ನು ಮುಟ್ಟಲು ಗೇರ್‌ಬಾಕ್ಸ್ ಇಳಿಯಲೇಬೇಕು. ಕೂಲಿಯ ದೊಡ್ಡ ಪಾಲು ಇಳಿಸಿ ಏರಿಸುವುದಕ್ಕೇ ಹೋಗುತ್ತದೆ. ಹಾಗಾಗಿ ಕ್ಲಚ್ ಪ್ಲೇಟ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಸೆಟ್ ಪೂರ್ತಿ ಬದಲಿಸಿಬಿಡುವುದು ಲಾಭ, ಪೈಲಟ್ ಬೇರಿಂಗ್ ಇದ್ದರೆ ಅದನ್ನೂ ಕೂಡ. ನಿನ್ನೆ ಮೊನ್ನೆ ಹಾಕಿದ ಕ್ಲಚ್ ಆದರೆ ಬೇರಿಂಗ್ ಮಾತ್ರ ಸಾಕು. ಕೆಲವು ಕಾರುಗಳಲ್ಲಿ ರಿಲೀಸ್ ಬೇರಿಂಗೂ ಅದನ್ನು ತಳ್ಳುವ ಹೈಡ್ರಾಲಿಕ್ ಸ್ಲೇವ್ ಸಿಲಿಂಡರೂ ಶಾಫ್ಟಿನ ಸುತ್ತ ಒಂದೇ ಜೋಡಣೆಯಾಗಿ ಕೂತಿರುತ್ತವೆ. ಅಲ್ಲಿ ಎರಡೂ ಒಟ್ಟಿಗೇ ಬರುತ್ತವೆ, ನಂತರ ಕ್ಲಚ್ ದ್ರವದೊಳಗೆ ಸೇರಿದ ಗಾಳಿ ತೆಗೆಯುವ ಕೆಲಸವೂ ಇರುತ್ತದೆ.

ಗೇರ್‌ಬಾಕ್ಸ್ ಇಳಿದ ದಿನ ನೀವು ಅಲ್ಲಿರಿ. ಹಳೆಯ ರಿಲೀಸ್ ಬೇರಿಂಗನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಒತ್ತಿ ಹಿಡಿದು ತಿರುಗಿಸಿ. ಒಳ್ಳೆಯದು ಗ್ರೀಸಿನ ಮೇಲೆ ಜಾರುತ್ತಾ ಸ್ವಲ್ಪ ಭಾರವಾಗಿ, ಸದ್ದಿಲ್ಲದೆ ತಿರುಗುತ್ತದೆ. ಕೆಟ್ಟದ್ದು ಒಳಗೆ ಮರಳು ಸೇರಿದ ಹಾಗೆ ಕರಕರ ಎನ್ನುತ್ತದೆ, ಕೆಲವೊಮ್ಮೆ ಗ್ರೀಸೇ ಇಲ್ಲದೆ ಗಿರ್ರನೆ ಬುಗುರಿಯಂತೆ ಸುತ್ತುತ್ತದೆ. ಹೀಗೆ ಸಲೀಸಾಗಿ ಸುತ್ತುವುದನ್ನು ಕಂಡು "ಚೆನ್ನಾಗಿದೆ" ಎಂದುಕೊಳ್ಳಬೇಡಿ. ಬೇರಿಂಗನ್ನು ಪೆಟ್ರೋಲಿನಲ್ಲೋ ಡೀಸೆಲ್ಲಿನಲ್ಲೋ ತೊಳೆಯಲು ಬಿಡಬೇಡಿ. ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಮುಚ್ಚಿದ ಬೇರಿಂಗ್ ಅದು, ತೊಳೆದರೆ ಗ್ರೀಸ್ ಹೋಗಿ ಕೆಲವೇ ದಿನಗಳಲ್ಲಿ ಮತ್ತೆ ಕೂಗುತ್ತದೆ.

ಪ್ರೆಷರ್ ಪ್ಲೇಟಿನ ಬೆರಳುಗಳ ತುದಿ ನೋಡಿ: ಎಲ್ಲವೂ ಒಂದೇ ಮಟ್ಟದಲ್ಲಿವೆಯೇ, ಬೇರಿಂಗ್ ಉಜ್ಜಿದ ಗೆರೆ ಆಳವಾಗಿ ಬಿದ್ದಿದೆಯೇ? ಬೇರಿಂಗ್ ಜಾರುವ ಕೊಳವೆಯ ಮೇಲೆ ಕಚ್ಚುಗಳಿದ್ದರೆ ಹೊಸ ಬೇರಿಂಗೂ ಅಲ್ಲಿ ತಡವರಿಸುತ್ತದೆ. ಇನ್‌ಪುಟ್ ಶಾಫ್ಟಿನ ತುದಿ ಹಿಡಿದು ಮೇಲೆ ಕೆಳಗೆ ಅಲುಗಿಸಿ, ಕೈಯಲ್ಲೇ ತಿರುಗಿಸಿ. ಕರಕರ ಎಂದರೆ ಗೇರ್‌ಬಾಕ್ಸ್ ಬಿಚ್ಚಲೇಬೇಕು. ಸ್ವಲ್ಪ ಅಲುಗಾಟ ಎಷ್ಟೋ ಗೇರ್‌ಬಾಕ್ಸುಗಳಲ್ಲಿ ಸಹಜ, ಹೀಗಾಗಿ ಅಲುಗಾಟಕ್ಕಿಂತ ಒರಟುತನಕ್ಕೆ ಹೆಚ್ಚು ಬೆಲೆ ಕೊಡಿ. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಒದ್ದೆಯಾಗಿದ್ದರೆ ಈಗಲೇ ಬದಲಿಸಿ, ಇದಕ್ಕಾಗಿ ಇನ್ನೊಮ್ಮೆ ಇಳಿಸುವುದು ಬೇಡ. ಒಳಗಿನ ಕಪ್ಪು ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ. ಹಳೆಯ ಕ್ಲಚ್ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ಕೇಡು.

ಜೋಡಿಸುವಾಗ ಶಾಫ್ಟಿನ ಹಲ್ಲುಗಳಿಗೆ ತೆಳುವಾಗಿ ಗ್ರೀಸ್ ಸವರಿದರೆ ಸಾಕು. ಹೆಚ್ಚಾದರೆ ಅದು ಚಿಮ್ಮಿ ಕ್ಲಚ್ ಪ್ಲೇಟಿಗೆ ತಾಗಿ ಕ್ಲಚ್ ಜಾರುತ್ತದೆ. ಗೇರ್‌ಬಾಕ್ಸನ್ನು ಏರಿಸುವಾಗ ಅದರ ಭಾರ ಕ್ಲಚ್ ಪ್ಲೇಟಿನ ಮೇಲೆ ನೇತಾಡಬಾರದು, ಬೋಲ್ಟುಗಳನ್ನು ಬಿಗಿದು ಎಳೆದು ಕೂರಿಸಲೂಬಾರದು. ಬಿಡಿಭಾಗದ ವಿಚಾರದಲ್ಲಿ ಒಂದು ಮಾತು: ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಊರಿನ ಅಂಗಡಿಯಲ್ಲಿ ಕೊಂಡರೂ ಬಿಲ್ ಪಡೆಯಿರಿ, ಹಳೆಯ ಬೇರಿಂಗಿನ ಮೇಲೆ ಕೆತ್ತಿರುವ ಸಂಖ್ಯೆಯನ್ನು ಹೊಸದರ ಜೊತೆ ಹೋಲಿಸಿ. ಒಂದೇ ಹೆಸರಿನ ಕಾರಿನಲ್ಲೂ ಪೆಟ್ರೋಲಿಗೊಂದು, ಡೀಸೆಲ್ಲಿಗೊಂದು ಬೇರಿಂಗ್ ಇರುವುದುಂಟು.

ಎಷ್ಟು ದಿನ ಓಡಿಸಬಹುದು

ಎಲ್ಲರೂ ಕೇಳುವ ಪ್ರಶ್ನೆ. ಕ್ಲಚ್ ತುಳಿದಾಗ ಮಾತ್ರ ಸಣ್ಣಗೆ ಕೇಳುವ ರಿಲೀಸ್ ಬೇರಿಂಗ್ ಸದ್ದಿನಲ್ಲಿ ಊರೊಳಗೆ ಕೆಲ ದಿನ ಓಡಿಸಬಹುದು. ದಿನ ನಿಗದಿ ಮಾಡಿಕೊಳ್ಳಿ, ಮುಂದೂಡಬೇಡಿ. ಸದ್ದು ಕಿರುಚಾಟವಾದರೆ, ಪೆಡಲಿನಲ್ಲಿ ನಡುಕ ಬಂದರೆ, ಗೇರು ಬೀಳಲು ತಕರಾರು ಮಾಡಿದರೆ ಅಲ್ಲಿಗೆ ನಿಲ್ಲಿಸಿ. ಬಿಗಿಹಿಡಿದ ಬೇರಿಂಗ್ ಸ್ಪ್ರಿಂಗ್ ಬೆರಳುಗಳನ್ನು ತುರಿಮಣೆಯಂತೆ ತುರಿದುಹಾಕುತ್ತದೆ. ಆ ಸ್ಥಿತಿಯಲ್ಲಿ ಚಾರ್ಮಾಡಿಯೋ ಆಗುಂಬೆಯೋ ಹತ್ತಲು ಹೊರಟರೆ, ತಿರುವಿನಲ್ಲಿ ಗೇರು ಇಳಿಸಲಾಗದೆ ನಿಲ್ಲುವ ಸಂದರ್ಭ ಬರಬಹುದು. ಇನ್‌ಪುಟ್ ಶಾಫ್ಟ್ ಬೇರಿಂಗಿನ ವಿಷಯದಲ್ಲಿ ನಾನು ಒಂದು ವಾರವೂ ಕಾಯುವುದಿಲ್ಲ. ಅದರಿಂದ ಉದುರಿದ ಲೋಹ ಆಯಿಲಿನ ಜೊತೆ ಗೇರ್‌ಬಾಕ್ಸ್ ತುಂಬ ಸುತ್ತುತ್ತದೆ, ಒಂದು ಬೇರಿಂಗಿನಲ್ಲಿ ಮುಗಿಯಬೇಕಾದದ್ದು ಗೇರುಗಳವರೆಗೂ ಹೋಗುತ್ತದೆ.

ಹೊಸ ಬೇರಿಂಗ್ ಹಾಕಿಸಿದ ಮೇಲೆ

ಬೇರಿಂಗನ್ನು ಕೊಲ್ಲುವುದು ಬಹುಪಾಲು ನಮ್ಮ ಎಡಗಾಲು. ಲೆಕ್ಕ ಹಾಕಿ ನೋಡಿ: ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿರುವಾಗ ಸಿಗ್ನಲ್‌ನಲ್ಲಿ ಮೊದಲನೇ ಗೇರು ಹಾಕಿ ಕ್ಲಚ್ ತುಳಿದು ಮೂರು ನಿಮಿಷ ನಿಂತರೆ, ರಿಲೀಸ್ ಬೇರಿಂಗ್ ಪೂರ್ತಿ ಭಾರ ಹೊತ್ತು 2,400 ಸುತ್ತು ತಿರುಗಿತು. ಬೆಂಗಳೂರಿನಲ್ಲಿ ಕಚೇರಿಗೆ ಹೋಗಿಬರುವಾಗ ಇಂಥ ಹತ್ತು ಸಿಗ್ನಲ್ ಸಿಕ್ಕರೆ ದಿನಕ್ಕೆ 24,000. ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಹಾಕಿ ಕಾಲು ತೆಗೆದಿದ್ದರೆ ಇಷ್ಟೂ ಸುತ್ತಿನ ಭಾರ ತಪ್ಪುತ್ತಿತ್ತು. ಓಡಿಸುವಾಗ ಪಾದವನ್ನು ಪೆಡಲಿನ ಮೇಲೆ ಇಟ್ಟುಕೊಳ್ಳುವ ಅಭ್ಯಾಸ ಇನ್ನೂ ಕೆಟ್ಟದ್ದು, ಅಲ್ಲಿ ಬೇರಿಂಗಿಗೆ ವಿರಾಮವೇ ಇಲ್ಲ. ಘಾಟಿಯ ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ಕಾರನ್ನು ಹಿಡಿದು ನಿಲ್ಲಿಸುವವರು ಬೇರಿಂಗಿನ ಜೊತೆ ಕ್ಲಚ್ ಪ್ಲೇಟನ್ನೂ ಸುಡುತ್ತಾರೆ.

ಮಳೆಗಾಲದಲ್ಲಿ ಮೊಣಕಾಲುದ್ದದ ನೀರಿನಲ್ಲಿ ಕಾರು ಹಾಯಿಸಿದ್ದರೆ ಮಾರನೆಯ ದಿನ ಬೆಳಿಗ್ಗೆ ರೇಡಿಯೊ ಹಾಕದೆ ಹಂತ 2, ಹಂತ 3 ಮಾಡಿ ನೋಡಿ. ಬೆಲ್ ಹೌಸಿಂಗ್ ನೀರು ನುಗ್ಗದಷ್ಟು ಬಿಗಿಯಾಗಿ ಮುಚ್ಚಿರುವುದಿಲ್ಲ, ಒಳಹೊಕ್ಕ ಕೆಸರುನೀರು ಗ್ರೀಸನ್ನು ತೊಳೆದೊಯ್ಯಬಹುದು. ಹೊಸ ಬೇರಿಂಗ್ ಹಾಕಿಸಿದ ಮೊದಲ ವಾರದಲ್ಲೂ ಇದೇ ಎರಡು ಹಂತ ಮಾಡಿ, ಸದ್ದಿಲ್ಲದ ಕ್ಲಚ್ ಹೇಗೆ ಕೇಳುತ್ತದೆ ಎಂಬುದನ್ನು ಕಿವಿಗೆ ಪರಿಚಯಿಸಿಕೊಳ್ಳಿ, ಅದೇ ಕಾಗದದ ಹಿಂಬದಿಯಲ್ಲಿ ತಾರೀಖು ಮತ್ತು ಓಡಿದ ಕಿಲೋಮೀಟರ್ ಬರೆದು ಕಾರಿನ ಕೈಪಿಡಿಯೊಳಗೆ ಇಡಿ.